ಮಗು ‘ಒಲ್ಲೆ’ ಅಂದಾಗ ಮೊದಲು ಕೇಳಬೇಕಾದ್ದು

ಅಪ್ಪ-ಅಮ್ಮ ಬೇರೆಯಾದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ತಾಯಿಯ ಜೊತೆಗಿರುವ ಆರು ವರ್ಷದ ಹುಡುಗಿಯನ್ನು ಕಣ್ಣೆದುರು ತಂದುಕೊಳ್ಳಿ. ಶನಿವಾರ ಬಾಂದ್ರಾದ ಕೌಟುಂಬಿಕ ನ್ಯಾಯಾಲಯದಲ್ಲಿ ಅಪ್ಪನ ಭೇಟಿ. ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ಮತ್ತೆ ರಿಕ್ಷಾ. ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿ ಮಗುವಿಗೆ ಕಣ್ಣು ಎಳೆಯುತ್ತಿರುತ್ತದೆ. ಅಪ್ಪನನ್ನು ಕಂಡದ್ದೇ ಅಮ್ಮನ ಸೆರಗು ಹಿಡಿದು ‘ನಾ ಒಲ್ಲೆ’ ಎಂದು ಅಳುತ್ತಾಳೆ. ಮುಂದಿನ ತಾರೀಖಿಗೆ ಅಪ್ಪನ ಅರ್ಜಿ: ತಾಯಿ ಮಗುವಿನ ತಲೆ ತುಂಬಿದ್ದಾಳೆ, ಇದು ‘ಪೇರೆಂಟಲ್ ಏಲಿಯನೇಶನ್’, ಅಂದರೆ ಒಬ್ಬ ಪಾಲಕರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದು. ವಿಚಾರಣೆ ಮುಗಿದ ಮೇಲೆ ಬರಬೇಕಾದ ತೀರ್ಮಾನ ಮೊದಲ ಪುಟದಲ್ಲೇ ಕೂತುಬಿಡುತ್ತದೆ.

ಇದನ್ನು ‘ಸಿಂಡ್ರೋಮ್’ ಎಂದು 1985ರಲ್ಲಿ ಕರೆದವರು ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್. ಅವರು ಕೊಟ್ಟ ಎಂಟು ಲಕ್ಷಣಗಳಲ್ಲಿ ಒಂದು, ‘ಯಾರೂ ಹೇಳಿಕೊಟ್ಟಿಲ್ಲ, ಇದು ನನ್ನದೇ ನಿರ್ಧಾರ’ ಎಂದು ಮಗು ಹೇಳುವುದು! ಹಾಗಾದರೆ ನಿಜಕ್ಕೂ ಪೆಟ್ಟು ತಿಂದ ಮಗು ಬಾಯಿಬಿಟ್ಟು ಏನು ಹೇಳಬೇಕು? ತಿಳಿದು ಆರಿಸಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎನ್ನುತ್ತದೆ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಂ. ಈ ಆರೋಪ ಆ ಇಷ್ಟಕ್ಕೆ ಬೆಲೆಯೇ ಇಲ್ಲದಂತೆ ಮಾಡುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 ಇದನ್ನು ಕಾಯಿಲೆಯೆಂದು ಸೇರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತನ್ನ ರೋಗಗಳ ವರ್ಗೀಕರಣವಾದ ಐಸಿಡಿ-11ರ ಸೂಚಿಯಿಂದ ಪದವನ್ನೇ ತೆಗೆಯಿತು. ನಮ್ಮ ಸುಪ್ರೀಂ ಕೋರ್ಟು 2017ರ ತೀರ್ಪೊಂದರಲ್ಲಿ ಈ ಸಿಂಡ್ರೋಮಿನ ಮಾತೆತ್ತಿತ್ತು. 2024ರ ಮೇ ತಿಂಗಳಲ್ಲಿ ಅದೇ ಕೋರ್ಟು, ನಿರ್ದಿಷ್ಟ ಘಟನೆಗಳನ್ನು ಗುರುತಿಸದೆ ಯಾವ ಪಾಲಕರಿಗೂ ಆತುರದಲ್ಲಿ ಈ ಹಣೆಪಟ್ಟಿ ಹಚ್ಚಬಾರದು ಎಂದಿತು. ಆ ಪ್ರಕರಣದಲ್ಲಿ ಆರೋಪ ಹೊತ್ತವನು ತಂದೆ.

ವಿಚಾರಣೆಯ ಕ್ರಮವೇ ಇಲ್ಲಿ ಮುಖ್ಯ. ಮೊದಲು ಹಿಂಸೆಯ ಪ್ರಶ್ನೆ: 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ, ಪೊಲೀಸ್ ದೂರು, ಆಸ್ಪತ್ರೆಯ ಕಾಗದ ಇದ್ದರೆ ಅವನ್ನು ಓದಿ ಮುಗಿಸದೆ ಮುಂದೆ ಹೋಗಕೂಡದು. ಆಮೇಲೆ, ಬೇರೆಯಾಗುವ ಮೊದಲು ಮಗುವಿಗೆ ಸ್ನಾನ ಮಾಡಿಸುತ್ತಿದ್ದವರು, ಶಾಲೆಗೆ ಬಿಡುತ್ತಿದ್ದವರು ಯಾರು? ನಂತರ ವಯಸ್ಸು, ನಿದ್ದೆ, ಪ್ರಯಾಣ. ತಲೆ ತುಂಬಿದ ಮಾತು ಕಡೆಯದು.

ಮುಂಬೈಯ ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಭಾಷೆಯದೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ಸಮಾಲೋಚಕರ ಕೋಣೆಯಲ್ಲಿ ಮರಾಠಿ ಇಲ್ಲವೆ ಹಿಂದಿ. ‘ಅಪ್ಪನ್ನ ನೋಡಿದ್ರ ಅಂಜಿಕಿ ಬರ್ತದ’ ಎನ್ನಬೇಕಾದ ಮಗು ಶಾಲೆಯ ಹಿಂದಿಯಲ್ಲಿ ‘ಪಸಂದ್ ನಹೀ’ ಎಂದು ಮುಗಿಸುತ್ತದೆ. ವರದಿಯಲ್ಲಿ ಅಂಜಿಕೆ ಮಾಯ, ಬರೀ ಹಟ ಉಳಿಯುತ್ತದೆ. ಕನ್ನಡ ಬಲ್ಲ ದುಭಾಷಿ ಬೇಕೆಂದು ಲಿಖಿತವಾಗಿ ಕೇಳಿ, ಮಗುವಿನ ಮಾತನ್ನು ಇದ್ದಂತೆಯೇ ಬರೆದುಕೊಳ್ಳಲು ಕೋರಿ. ಅಜ್ಜಿಯ ಬಾಯಿಂದ ಕಲಿತ ‘ಲಫಂಗ’ ಎಂಬ ಬೈಗುಳ ಮಗುವಿನ ಬಾಯಲ್ಲಿ ಬಂದರೆ ಅಷ್ಟಕ್ಕೇ ಯಾವುದೂ ಸಾಬೀತಾಗುವುದಿಲ್ಲ. ಮಾತು ಎರವಲಿನದಾದರೂ ಅದರ ಹಿಂದಿನ ಭಯ ಮಗುವಿನದೇ ಇರಬಹುದು. ‘ಆಗ ನೀನು ಎಲ್ಲಿ ಕೂತಿದ್ದೆ? ಆಮೇಲೆ ಏನಾಯ್ತು?’ ಎಂದು ನಿಧಾನವಾಗಿ ಕೇಳಿದರೆ ತಿಳಿಯುವುದು ಹೆಚ್ಚು.

ಮಗುವನ್ನು ಬೇಕೆಂದೇ ದೂರವಿಡುವವರೂ ಇದ್ದಾರೆ, ಆ ನೋವು ಸುಳ್ಳಲ್ಲ. ಅಂಥ ಕಡೆ ಸಿಂಡ್ರೋಮಿನ ಹೆಸರು ಬಿಟ್ಟು, ಭೇಟಿಯ ಆದೇಶ ಮುರಿದ ದಿನಗಳನ್ನು ಬರೆಯಿರಿ: ತಾರೀಖು, ಗಂಟೆ, ಜಾಗ, ಎತ್ತದ ಫೋನು. ವಾಟ್ಸಾಪ್ ಮಾತುಕತೆಯನ್ನು ಕತ್ತರಿಸದೆ ಪೂರ್ತಿ ಇಡಿ. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ. ಅಳುವ ಮಗುವಿನ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾತ್ರ ಮಾಡಬೇಡಿ. ಅಪ್ಪ-ಅಮ್ಮ ಇಬ್ಬರಿಗೂ ಇದೇ ಮಾತು.

ಆ ಡೊಂಬಿವಲಿಯ ಹುಡುಗಿಯ ವಿಷಯದಲ್ಲಿ, ಹಿಂಸೆಯ ಸುಳಿವು ಸಿಗದಿದ್ದರೆ, ಭೇಟಿಯನ್ನು ಮನೆಯ ಹತ್ತಿರಕ್ಕೆ ತರಲು ಕೇಳಬಹುದು. ಬೆಳಗಿನ ತಿಂಡಿಯಾದ ಮೇಲೆ, ಒಂದೇ ಗಂಟೆ, ಮಗು ನಂಬುವ ಮೂರನೆಯವರೊಬ್ಬರ ಎದುರಿನಲ್ಲಿ. ಐದಾರು ವಾರ ಹೀಗೆ ನಡೆದ ಮೇಲೂ ಅವಳು ‘ಒಲ್ಲೆ’ ಎಂದರೆ, ಯಾಕೆಂದು ಅವಳನ್ನೇ ಕನ್ನಡದಲ್ಲಿ ಕೇಳಬೇಕು.