ಗಾಡಿ ಚೆನ್ನಾಗೇ ಓಡ್ತಿದೆ, ರೀಕಾಲ್‌ಗೆ ಹೋಗಲೇಬೇಕಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಈ ಮಾಡೆಲ್‌ನಲ್ಲಿ ವೈರಿಂಗ್ ದೋಷ ಇದೆ ಅಂತ ಕಂಪನಿ ರೀಕಾಲ್ ಮಾಡಿದೆಯಂತೆ. ನನಗೆ ಪತ್ರವೂ ಬಂದಿಲ್ಲ, ಮೆಸೇಜೂ ಬಂದಿಲ್ಲ. ಗಾಡಿಯಲ್ಲಿ ಒಂದು ಸಣ್ಣ ತೊಂದರೆಯೂ ಇಲ್ಲ. ಹೋಗಲೇಬೇಕಾ? ಎಷ್ಟು ಖರ್ಚಾಗಬಹುದು?

ಉತ್ತರ: ಹೋಗಿ. ಖರ್ಚಿಲ್ಲ. ಗಾಡಿ ಎಷ್ಟು ಕೈ ಬದಲಾದರೂ ರೀಕಾಲ್ ಅದರ ಚಾಸಿಸ್ ನಂಬರಿನ ಜೊತೆಗೇ ಇರುತ್ತದೆ. ನೀವು ಎರಡನೇ ಮಾಲೀಕರೋ ನಾಲ್ಕನೆಯವರೋ, ವಾರಂಟಿ ಮುಗಿದಿದೆಯೋ ಇಲ್ಲವೋ, ಯಾವುದೂ ಲೆಕ್ಕಕ್ಕಿಲ್ಲ. ಪತ್ರಿಕೆಗಳು 'ಲಕ್ಷ ಕಾರು ಹಿಂಪಡೆದ ಕಂಪನಿ' ಎಂದು ಬರೆಯುವುದನ್ನು ನೋಡಿ ಗಾಡಿಯನ್ನೇ ವಾಪಸ್ ತಗೊಂಡು ಹಣ ಕೊಡುತ್ತಾರೇನೋ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅಷ್ಟೇನಿಲ್ಲ. ಸರ್ವಿಸ್ ಸೆಂಟರಿಗೆ ಕರೆಸಿ, ನೋಡಿ, ಬೇಕಿದ್ದರೆ ಭಾಗ ಬದಲಿಸಿ ಕಳಿಸುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು 'ಒಂದು ಸಣ್ಣ ತೊಂದರೆಯೂ ಇಲ್ಲ' ಎಂಬ ಮಾತು. ಬ್ರೇಕ್ ಪ್ಯಾಡ್ ಸವೆದರೆ ಕಿರುಗುಟ್ಟುತ್ತದೆ, ಬೇರಿಂಗ್ ಹೋದರೆ ಗುಂಯ್ಗುಡುತ್ತದೆ. ವೈರಿಂಗ್ ಹಾಗಲ್ಲ, ಕೆಡುವ ಹಿಂದಿನ ದಿನದವರೆಗೂ ಸುಮ್ಮನಿರುತ್ತದೆ. ಮಹೀಂದ್ರ ಕಂಪನಿ 2023ರ ಆಗಸ್ಟ್‌ನಲ್ಲಿ 1,08,306 ಎಕ್ಸ್‌ಯುವಿ700 ಗಾಡಿಗಳನ್ನು ತಪಾಸಣೆಗೆ ಕರೆಸಿತು. ಕಾರಣ, ಎಂಜಿನ್ ಇರುವ ಜಾಗದಲ್ಲಿ ಹಾದುಹೋಗುವ ವೈರುಗಳ ಕಟ್ಟು ಉಜ್ಜಿ ಕೊಯ್ದುಹೋಗಬಹುದೆಂಬ ಅನುಮಾನ. ಎಂಜಿನ್ ನಡುಗಿದಾಗಲೆಲ್ಲ ವೈರು ಲೋಹದ ಅಂಚಿಗೆ ಕೂದಲೆಳೆಯಷ್ಟು ತಿಕ್ಕುತ್ತದೆ. ಹೊದಿಕೆ ಹರಿದು ಒಳಗಿನ ತಾಮ್ರ ಕಾರಿನ ಲೋಹದ ಮೈಗೆ ತಾಗುವವರೆಗೂ ಕಾರು ಶೋರೂಮಿನಿಂದ ಬಂದಂತೆಯೇ ಓಡುತ್ತದೆ.

ನನ್ನದೂ ಹಳೇ ಕಾರು, ನಾನೂ ಎರಡನೇ ಮಾಲೀಕ. ಕಂಪನಿಯ ಮೆಸೇಜ್ ಹೋಗಿದ್ದು ನನಗೆ ಗಾಡಿ ಮಾರಿದ ನಿವೃತ್ತ ಬ್ಯಾಂಕ್ ನೌಕರರಿಗೆ. ನಾಲ್ಕು ತಿಂಗಳಾದ ಮೇಲೆ ಯುಗಾದಿ ಶುಭಾಶಯದ ಜೊತೆ 'ಇದು ನಿಮ್ಮದಿರಬೇಕು ನೋಡಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಟ್ಟೆ. ಹುಡುಗ ಬ್ಯಾಟರಿ ಟ್ರೇ ಹಿಂದೆ ಬೆರಳು ತೂರಿಸಿ ಕಪ್ಪು ಸುಕ್ಕು ಪೈಪೊಂದನ್ನು ಹೊರಗೆಳೆದು ಟಾರ್ಚ್ ಬಿಟ್ಟ. ಒಂದು ಕಡೆ ಅದು ತೇದ ನಾಣ್ಯದಂತೆ ನುಣ್ಣಗೆ ಹೊಳೆಯುತ್ತಿತ್ತು. ಅದರಾಚೆ ಅಂಗುಲದಷ್ಟು ಸೀಳು, ಸೀಳಿನೊಳಗೆ ಕೆಂಪು ವೈರು. ಆ ನಾಲ್ಕು ತಿಂಗಳಲ್ಲಿ ಎರಡು ಸಲ ಚಾರ್ಮಾಡಿ ಘಾಟಿ ಇಳಿದು ಬಂದಿದ್ದೆ.

ಫ್ಯೂಸ್ ಇದೆಯಲ್ಲ ಎನ್ನಬಹುದು. ವೈರು ನೇರವಾಗಿ ಕಾರಿನ ಲೋಹದ ಮೈಗೆ ತಗುಲಿ ಕರೆಂಟ್ ಒಮ್ಮೆಲೇ ನುಗ್ಗಿದರೆ ಫ್ಯೂಸ್ ಹಾರುತ್ತದೆ, ನಿಜ. ಆದರೆ ಸಡಿಲ ಕನೆಕ್ಟರ್ ಬಿಸಿಯಾಗುವುದಕ್ಕೆ ಹೆಚ್ಚು ಕರೆಂಟ್ ಬೇಕಿಲ್ಲ. ಮನೆಯಲ್ಲಿ ಗೀಸರ್ ಪ್ಲಗ್ ಪಾಯಿಂಟ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿರುತ್ತೀರಿ, ಆಗ ಎಂಸಿಬಿ ಬಿದ್ದಿರುವುದಿಲ್ಲ. ಇದೂ ಹಾಗೇ. ಇನ್ನು ಒಂದೇ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದೊಂದನ್ನು ತುರುಕುವ ಜಾಣತನ ಬೇಡ, ಆಗ ಫ್ಯೂಸಿಗಿಂತ ಮೊದಲು ವೈರೇ ಸುಡಬಹುದು.

ಇನ್ನೊಂದು ತಪ್ಪು ತಿಳಿವಳಿಕೆ, ಕೀ ತೆಗೆದರೆ ಕರೆಂಟೇ ಇಲ್ಲ ಎಂಬುದು. ಕಾರಿನ ಕೆಲವು ಭಾಗಗಳಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಹೋಗುತ್ತಲೇ ಇರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ಸುಮಾರು 33.7 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿದವು. ಬ್ರೇಕಿನ ನಿಯಂತ್ರಣ ಘಟಕದೊಳಗೆ ದ್ರವ ಸೋರಿ ಶಾರ್ಟ್ ಆದರೆ, ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತಬಹುದಿತ್ತು. ರಿಪೇರಿ ಆಗುವವರೆಗೆ ಬಯಲಲ್ಲಿ, ಮನೆಯಿಂದ ದೂರ ನಿಲ್ಲಿಸಿ ಎಂದು ಮಾಲೀಕರಿಗೆ ಹೇಳಲಾಯಿತು. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಿಮ್ಮ ಮಗನೋ ತಂಗಿಯೋ ಹಳೇ ಕಾರು ಓಡಿಸುತ್ತಿದ್ದರೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ವಿನ್ ನಂಬರ್ (ಅಲ್ಲಿ ಚಾಸಿಸ್ ನಂಬರಿಗೆ ಹೇಳುವ ಹೆಸರು) ಹಾಕಿ ನೋಡಲು ಹೇಳಿ, ಒಂದು ನಿಮಿಷದ ಕೆಲಸ.

ನಮ್ಮಲ್ಲೂ ಸುಲಭವೇ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇದೆ, 17 ಅಕ್ಷರ-ಅಂಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದಿಲ್ಲ, ಹಾಗಾಗಿ ಗುಂಡಗೆ ಕಂಡಿದ್ದು ಸೊನ್ನೆಯೇ. ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಅದನ್ನು ಹಾಕಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಓದಿ ಹೇಳಿ. ಮಾಡೆಲ್ ಒಂದೇ ಆದ ಮಾತ್ರಕ್ಕೆ ನಿಮ್ಮದು ಸೇರಿರಬೇಕೆಂದಿಲ್ಲ, ತಯಾರಾದ ದಿನಾಂಕ ಮುಖ್ಯ. ಆರ್‌ಟಿಒದಲ್ಲಿ ಹೆಸರು ಬದಲಾಗಿದೆ, ಕಂಪನಿಯವರೇ ಹುಡುಕಿಕೊಂಡು ಬರುತ್ತಾರೆ ಎಂದು ಕೂರಬೇಡಿ. ಅವರ ಕಡತದಲ್ಲಿ ಇನ್ನೂ ಹಳೇ ಮಾಲೀಕರ ನಂಬರೇ ಇದ್ದೀತು.

ನಂಬರ್ ಪಟ್ಟಿಯಲ್ಲಿದ್ದರೆ ನೋಟಿಸನ್ನು ಪೂರ್ತಿ ಓದಿ. ಜನ ದಿನಾಂಕ ನೋಡಿ ಬಿಟ್ಟುಬಿಡುತ್ತಾರೆ, ಅಲ್ಲಿಯವರೆಗೆ ಏನು ಮಾಡಬಾರದು ಎಂಬುದನ್ನು ಓದುವುದೇ ಇಲ್ಲ. ಮಾರುತಿ ಸುಜುಕಿ 2021ರ ಸೆಪ್ಟೆಂಬರ್‌ನಲ್ಲಿ ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಪೆಟ್ರೋಲ್ ಕಾರುಗಳನ್ನು ಕರೆಸಿತು, ಒಟ್ಟು 1,81,754. ದೋಷವಿದ್ದಿರಬಹುದಾದದ್ದು ಬ್ಯಾಟರಿ ಚಾರ್ಜ್ ಮಾಡುವ, ಎಂಜಿನ್ನಿಗೆ ನೆರವಾಗುವ ಮೋಟಾರ್ ಜನರೇಟರ್ ಘಟಕದಲ್ಲಿ. ಭಾಗ ಬದಲಿಸುವ ಕೆಲಸ ಶುರುವಾಗಿದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ನೀರು ನಿಂತ ರಸ್ತೆಗೆ ಇಳಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರ ನೀರು ಹೊಡೆಯಬೇಡಿ ಎಂದಿತ್ತು ಕಂಪನಿ. ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನವರು ಆ ಮಾತನ್ನು ಹೇಗೆ ಪಾಲಿಸಿದರೋ! ಅದೇ ಕಂಪನಿ 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ 17,362 ಕಾರುಗಳನ್ನು ಕರೆಸಿದಾಗ, ಬದಲಾಯಿಸುವವರೆಗೆ ಓಡಿಸಲೇಬೇಡಿ ಎಂದಿತು. ಎರಡೂ ರೀಕಾಲೇ, ಆದರೆ ಒಂದರಲ್ಲಿ ಆಫೀಸಿಗೆ ಹೋಗಬಹುದು, ಇನ್ನೊಂದರಲ್ಲಿ ಕೂಡದು.

ನೋಟಿಸ್‌ನಲ್ಲಿ ಬೆಂಕಿಯ ಪ್ರಸ್ತಾಪವಿದ್ದು ಬಿಡಿಭಾಗ ಇನ್ನೂ ಬಂದಿಲ್ಲವೆಂದರೆ ಬೇಸ್‌ಮೆಂಟಿನಲ್ಲಿ, ಹುಲ್ಲಿನ ಬಣವೆ ಪಕ್ಕ, ಮಲಗುವ ಕೋಣೆಯ ಕಿಟಕಿ ಕೆಳಗೆ ನಿಲ್ಲಿಸಬೇಡಿ. ಎಲೆಕ್ಟ್ರಿಕ್ ಸ್ಕೂಟರಾದರೆ ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದು ಬೇಡ. 2022ರಲ್ಲಿ ಪುಣೆಯಲ್ಲಿ ಸ್ಕೂಟರೊಂದು ಹೊತ್ತಿದ ಮೇಲೆ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಆ ಬ್ಯಾಚಿನ 1,441 ಸ್ಕೂಟರುಗಳನ್ನು ತಪಾಸಣೆಗೆ ಕರೆಸಿತ್ತು. ಓಡಿಸುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ 112ಕ್ಕೆ ಫೋನ್ ಮಾಡಿ. ಹೊಗೆಯಾಡುತ್ತಿರುವ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿದರೆ ಭುಗಿಲೇಳುತ್ತದೆ.

ಸರ್ವಿಸ್ ಸೆಂಟರಿನಲ್ಲಿ 'ಹೇಗೂ ಬಂದಿದ್ದೀರಿ ಸರ್, ಎಸಿ ಕ್ಲೀನಿಂಗೂ ಮಾಡಿಸಿಬಿಡಿ' ಎನ್ನುವುದು ಇದ್ದದ್ದೇ. ಬೇಕಿದ್ದರೆ ಮಾಡಿಸಿ, ಆದರೆ ರೀಕಾಲ್ ಕೆಲಸಕ್ಕೆ ಬೇರೆ ಜಾಬ್ ಕಾರ್ಡ್ ಹಾಕಿಸಿ, ಮೊತ್ತ ಸೊನ್ನೆ ಎಂದಿರುವ ಬಿಲ್ ಇಸ್ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಫಾಗ್ ಲ್ಯಾಂಪೋ ಜೋರು ಹಾರ್ನೋ ಹಾಕಿಸುವಾಗ ಕಂಪನಿ ವೈರಿಗೆ ಕತ್ತರಿ ಹಾಕಿಸಿದ್ದರೆ ಮೊದಲೇ ಹೇಳಿಬಿಡಿ, ಆಮೇಲೆ ಜಗಳವಾಗುವುದು ಅಲ್ಲೇ. ಇಲಿ ಕಡಿದದ್ದು ರೀಕಾಲಿಗೆ ಬರುವುದಿಲ್ಲ, ಮಲೆನಾಡಿನ ಮಿತ್ರರು ಕ್ಷಮಿಸಬೇಕು. ಕೆಲವೊಮ್ಮೆ ಬರೀ ನೋಡಿ 'ಏನೂ ಇಲ್ಲ' ಎಂದು ಕಳಿಸುತ್ತಾರೆ. ರಾಯಲ್ ಎನ್‌ಫೀಲ್ಡ್ 2021ರ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ ದೋಷಕ್ಕೆ 2,36,966 ಬೈಕುಗಳನ್ನು ಕರೆಸಿದಾಗ, ಭಾಗ ಬದಲಿಸಬೇಕಾಗುವುದು ಶೇ 10ಕ್ಕಿಂತ ಕಡಿಮೆ ಎಂದು ತಾನೇ ಅಂದಾಜಿಸಿತ್ತು.

ದೋಷ ಕಣ್ಣಿಗೆ ಕಾಣುತ್ತಿದ್ದರೂ ಕಂಪನಿ ಬಾಯಿಬಿಡದಿದ್ದರೆ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಕಲಂ ಸೇರಿಸಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಯಾದರೆ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಬಹುದು. ಒಬ್ಬರ ದೂರಿಗೆ ರೀಕಾಲ್ ಆಗುವುದಿಲ್ಲ, ನಿಗದಿತ ಸಂಖ್ಯೆ ಮುಟ್ಟಬೇಕು. ಸರ್ಕಾರವೇ ಕಡ್ಡಾಯ ಆದೇಶ ಹೊರಡಿಸಿದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ರೀಕಾಲ್ ಕೆಲಸಕ್ಕೇ ದುಡ್ಡು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಂದಹಾಗೆ, ಹೋದಾಗ ಕೌಂಟರಿನಲ್ಲಿ ನಿಮ್ಮ ಮೊಬೈಲ್ ನಂಬರ್ ಅಪ್‌ಡೇಟ್ ಮಾಡಿಸಿ. ಮತ್ತು ಹಿಂದೆ ನೀವು ಮಾರಿದ ಗಾಡಿಯ ಬಗ್ಗೆ ನಿಮಗೇ ಮೆಸೇಜ್ ಬಂದರೆ ಯುಗಾದಿಯವರೆಗೆ ಕಾಯಬೇಡಿ, ಅವತ್ತೇ ಕೊಂಡವರಿಗೆ ಕಳಿಸಿ.