ಸಮ್ಮೇಳನಕ್ಕೆ ಮುಂಚೆ: ಯಾರು, ಎಲ್ಲಿಂದ, ಯಾವಾಗ

ಸಮ್ಮೇಳನ ಪರಿಸರಸ್ನೇಹಿ ಆಗಬೇಕು ಅಂದ ಕೂಡಲೇ ಮಾತು ತಟ್ಟೆ, ಲೋಟ, ಬ್ಯಾಗಿನ ಕಡೆ ಹೋಗುತ್ತದೆ. ಶಿವಮೊಗ್ಗದಲ್ಲಿ ಇಂಥ ಕಾರ್ಯಕ್ರಮಗಳ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ವಿದೇಶದಿಂದ ಅತಿಥಿಗಳು ಬರುತ್ತಾರೆ ಅಂದರೆ ಆಯೋಜಕರು ಮೊದಲ ಸಭೆಯಲ್ಲೇ ಕೇಳುತ್ತಾರೆ, ‘ಪ್ಲಾಸ್ಟಿಕ್ ಬೇಡ, ಅಡಿಕೆ ಹಾಳೆ ತಟ್ಟೆ ಸಿಗುತ್ತಾ?’ ಸಿಗುತ್ತದೆ. ಆದರೆ ಆ ಸಭೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಗಳಿವೆ. ಯಾರು ಬರುತ್ತಾರೆ, ಎಲ್ಲಿಂದ, ಹೇಗೆ?

ಒಂದು ಲೆಕ್ಕ ನೋಡಿ. 2019ರ ಡಿಸೆಂಬರಿನಲ್ಲಿ ಭೂವಿಜ್ಞಾನಿಗಳ ಸಂಘವಾದ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್‌ನ ವಾರ್ಷಿಕ ಸಮ್ಮೇಳನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯಿತು. ಸೇರಿದವರು ಸುಮಾರು 28,000 ಜನ. ಅವರ ಪ್ರಯಾಣದಿಂದಲೇ 80,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಗಾಳಿಗೆ ಸೇರಿತು ಎಂದು ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಸಂಶೋಧಕರು ಬರೆದರು. ತಲೆಗೆ ಸುಮಾರು 3 ಟನ್! ಅದರಲ್ಲಿ ಬಹುಪಾಲು ಖಂಡ ದಾಟಿ ಬಂದವರ ವಿಮಾನದ್ದು. ಇದರ ಮುಂದೆ ತಟ್ಟೆ ಲೋಟದ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಎಲ್ಲವನ್ನೂ ಆನ್‌ಲೈನ್ ಮಾಡಿ ಅಂತ ನಾನು ಹೇಳುವುದಿಲ್ಲ. ಟೀ ಕುಡಿಯುತ್ತಾ ಹುಟ್ಟುವ ಪರಿಚಯಕ್ಕೆ ಬೆಲೆ ಇದೆ. 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಅಧ್ಯಯನದ ಪ್ರಕಾರ, ಪೂರ್ತಿ ಆನ್‌ಲೈನ್ ಮಾಡಿದರೆ ಇಂಗಾಲದ ಹೊರೆ ಶೇ 94ರಷ್ಟು ಇಳಿಯುತ್ತದೆ. ಅದೇ ಅಧ್ಯಯನ ನಡುವಿನ ದಾರಿಯನ್ನೂ ತೋರಿಸಿದೆ. ಸರಿಯಾಗಿ ಆರಿಸಿದ ಕೆಲವು ಊರುಗಳಲ್ಲಿ ಜನ ಸೇರಿ, ಆ ಊರುಗಳನ್ನು ಆನ್‌ಲೈನಿನಲ್ಲಿ ಜೋಡಿಸಿದರೆ ಹೊರೆ ಮೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ. ಅರ್ಧಕ್ಕಿಂತ ಜಾಸ್ತಿ ಮಂದಿ ಆಗಲೂ ಮುಖಾಮುಖಿ ಸೇರಬಹುದು.

ನಮ್ಮಂಥ ಊರಿಗೆ ಇದು ಹೇಳಿ ಮಾಡಿಸಿದ ದಾರಿ. ಪಶ್ಚಿಮ ಘಟ್ಟದ ಬಗ್ಗೆ ಸಮ್ಮೇಳನ ಅಂದುಕೊಳ್ಳಿ. ಸುತ್ತಿನ ಜಿಲ್ಲೆಗಳವರು, ಗೋವಾ, ಕೇರಳದವರು ಶಿವಮೊಗ್ಗಕ್ಕೆ ಬರಲಿ. ಯುರೋಪಿನವರು ಅಲ್ಲೇ ಒಂದು ಊರಿನಲ್ಲಿ ಸೇರಲಿ. ಎಲ್ಲರೂ ಒಟ್ಟಿಗೆ ಕೂರಬೇಕಾದ ಗೋಷ್ಠಿಗಳನ್ನು ಮಾತ್ರ ನಮ್ಮ ಸಂಜೆ ಐದೂವರೆಗೆ ಇಡಿ. ಚಳಿಗಾಲದಲ್ಲಿ ಆಗ ಲಂಡನ್‌ನಲ್ಲಿ ಮಧ್ಯಾಹ್ನ ಹನ್ನೆರಡು, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಏಳು. ಯಾರೂ ನಡುರಾತ್ರಿ ಎದ್ದು ಕೂರಬೇಕಾಗಿಲ್ಲ, ಅಲ್ವಾ?

ಬಂದೇ ಬರಬೇಕಾದವರನ್ನು ಬೆಂಗಳೂರಿನಿಂದ ತಲೆಗೊಂದು ಕಾರಿನಲ್ಲಿ ಕರೆತರುವ ರೂಢಿ ಬಿಡಬೇಕು. ಅದನ್ನು ಗೌರವ ಅಂದುಕೊಂಡಿದ್ದೇವೆ. ಸಂಜೆಯ ಜನಶತಾಬ್ದಿಯಲ್ಲಿ ಒಟ್ಟಿಗೆ ಸೀಟು ಕಾಯ್ದಿರಿಸಿ, ಜೊತೆಗೊಬ್ಬ ಸ್ವಯಂಸೇವಕನನ್ನು ಕಳಿಸಿದರೆ ಸಾಕು. ಸ್ಟೇಷನ್‌ನಲ್ಲಿ ಒಂದೇ ಬಸ್ ಕಾದಿರಲಿ.

ದಿನಾಂಕದ ಮೇಲೂ ಬಹಳಷ್ಟು ನಿಂತಿದೆ. ನವೆಂಬರ್‌ನಿಂದ ಜನವರಿವರೆಗೆ ಇಲ್ಲಿ ಎಸಿ ಬೇಕಾಗುವುದಿಲ್ಲ. ಕಿಟಕಿ ತೆರೆದರೆ ಗಾಳಿ ಬರುವ ಸಭಾಂಗಣ ಸಿಕ್ಕರೆ ಡೀಸೆಲ್ ಜನರೇಟರ್ ಚಿಕ್ಕದಾದರೂ ನಡೆಯುತ್ತದೆ. ಆದರೆ ಅದು ಅಡಿಕೆ ಕೊಯ್ಲಿನ ಕಾಲ. ಬಡಿಸುವವರು, ಪಾತ್ರೆ ತೊಳೆಯುವವರು ಸಿಗುವುದು ಕಷ್ಟ. ಅವರಿಗೆ ಮೊದಲೇ ಹೇಳಿಟ್ಟಿರಬೇಕು.

ಇನ್ನು ತಟ್ಟೆ. ಅಡಿಕೆ ಹಾಳೆ ಮರದಿಂದ ತಾನಾಗಿ ಉದುರುವಂಥದ್ದು, ನಮ್ಮ ತೋಟದ್ದೇ. ಹಾಳೆ ತಟ್ಟೆ ಪ್ಲಾಸ್ಟಿಕ್‌ಗಿಂತ ಸಾವಿರ ಪಾಲು ಮೇಲು. ಆದರೆ ಮಳೆಗಾಲದಲ್ಲಿ ಗೋದಾಮಿನ ತೇವಕ್ಕೆ ಅದರ ಅಂಚಿನಲ್ಲಿ ಬಿಳಿ ಬೂಷ್ಟು ಕೂರುತ್ತದೆ. ಕಟ್ಟು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳಬೇಕು. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯ ಅಂಶ ಊಟಕ್ಕೆ ಸೇರಬಹುದು ಎಂದು ಈ ತಟ್ಟೆಗಳ ಆಮದಿಗೆ ತಡೆ ಹಾಕಿತು. ಹೊರಗಿನ ಅತಿಥಿಗಳು ಇದನ್ನು ಕೇಳಿಯೇ ಕೇಳುತ್ತಾರೆ. ನನ್ನ ಆಯ್ಕೆ ಸ್ಟೀಲ್ ತಟ್ಟೆ. ಕಲ್ಯಾಣ ಮಂಟಪಗಳಲ್ಲಿ ರಾಶಿಗಟ್ಟಲೆ ಇರುತ್ತದೆ, ತೊಳೆದು ಮತ್ತೆ ಬಳಸಬಹುದು. ಒಂದು ಹೊತ್ತಾದರೂ ಬಾಳೆ ಎಲೆ ಹಾಕಿ ಪಂಕ್ತಿ ಊಟ ಬಡಿಸಿ. ಕೇಳಿ ಕೇಳಿ ಬಡಿಸುವುದರಿಂದ ಬಫೆಗಿಂತ ಅನ್ನ ಕಡಿಮೆ ಪೋಲಾಗುತ್ತದೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಅಕ್ಕಿ ರೊಟ್ಟಿ ಇರುವಾಗ ಪನೀರ್ ಎಲ್ಲಿಂದಲೋ ಯಾಕೆ ತರಿಸಬೇಕು?

ವೇದಿಕೆಯಲ್ಲಿ ಗಿಡ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ವಿಮಾನ ಹತ್ತುವ ಅತಿಥಿ ಮಣ್ಣು ತುಂಬಿದ ಸಸಿಯನ್ನು ಗಡಿ ದಾಟಿಸಲಾರರು. ಅದು ಹೋಟೆಲ್ ರೂಮಿನಲ್ಲೇ ಒಣಗುತ್ತದೆ. ಕೊಡಲೇಬೇಕೆಂದಿದ್ದರೆ ಹೆಗ್ಗೋಡು ಕಡೆಯ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ಕೊಡಿ. ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟಿದ ಆ ಬಟ್ಟೆಯ ಹಿಂದೆ ಹಳ್ಳಿ ಹೆಣ್ಣುಮಕ್ಕಳ ದುಡಿಮೆ ಇದೆ.

ಇಲ್ಲಿಂದ ಮುಂದಿನ ಮಾತು ನನಗೆ ಹೆಚ್ಚು ಮುಖ್ಯ. ಲಂಡನ್ ಒಲಿಂಪಿಕ್ಸ್ ಹೊತ್ತಿಗೆ, 2012ರಲ್ಲಿ, ಇಂಥ ಕಾರ್ಯಕ್ರಮಗಳಿಗೆಂದೇ ಐಎಸ್‌ಒ 20121 ಎಂಬ ಮಾನದಂಡ ಬಂತು. ಅದು ಪರಿಸರದ ಜೊತೆ ಜನರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮಲ್ಲಿ ಆ ಭಾಗ ಬಿಟ್ಟೇ ಹೋಗುತ್ತಿದೆ. ಅಣೆಕಟ್ಟು, ಕಾಡು, ಪುನರ್ವಸತಿ ಅಂತ ಮೂರು ದಿನ ಚರ್ಚೆ ನಡೆಯುತ್ತದೆ. ಲಿಂಗನಮಕ್ಕಿ ಕಟ್ಟಿದಾಗ ಊರು ಮುಳುಗಿದ ಶರಾವತಿ ಸಂತ್ರಸ್ತರು ಸಭಾಂಗಣದಲ್ಲಿ ಇರುವುದಿಲ್ಲ. ಅವರನ್ನು ಸುಮ್ನೆ ಮುಂದಿನ ಸಾಲಿನಲ್ಲಿ ಕೂರಿಸಿ ಫೋಟೋ ತೆಗೆದರೆ ಸಾಲದು. ಮಾತಾಡಲು ಕರೆಯಬೇಕು. ಅವರು ಕನ್ನಡದಲ್ಲೇ ಮಾತಾಡಲಿ, ಅನುವಾದ ಮಾಡುವವರನ್ನು ನಾವು ಒದಗಿಸೋಣ. ಆ ದಿನದ ಕೂಲಿ ಮತ್ತು ಬಸ್ ಖರ್ಚನ್ನು, ಪ್ರೊಫೆಸರ್‌ಗೆ ಕೊಡುವ ಹಾಗೆಯೇ, ಕೈಗೆ ಕೊಡಬೇಕು.

ಬಡಿಸುವವರು, ಪೌರಕಾರ್ಮಿಕರು ಮಧ್ಯಾಹ್ನ ನಾಲ್ಕಾದರೂ ಊಟವಿಲ್ಲದೆ ಓಡಾಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅಡುಗೆಯವರಿಗೆ ಎಲೆ ಲೆಕ್ಕ ಕೊಡುವಾಗಲೇ ಅವರನ್ನೂ ಸೇರಿಸಿ. ರಾತ್ರಿ ಕೊನೆಯ ಬಸ್ ತಪ್ಪುವ ಹೆಣ್ಣುಮಕ್ಕಳನ್ನು ಮನೆಗೆ ಬಿಡುವ ಗಾಡಿಯ ಖರ್ಚು ಬಜೆಟ್‌ನಲ್ಲೇ ಇರಲಿ.

ಕೊನೆಗೆ ಬಿಲ್ಲಿನ ವಿಷಯ. ಹಪ್ಪಳ, ಉಪ್ಪಿನಕಾಯಿ, ತಿಂಡಿಯನ್ನು ಮಹಿಳಾ ಸ್ವಸಹಾಯ ಸಂಘಗಳಿಂದ ತರಿಸೋಣ ಎಂದು ಎಲ್ಲರೂ ಖುಷಿಯಿಂದ ಒಪ್ಪುತ್ತಾರೆ. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದೊಡ್ಡ ಕೇಟರಿಂಗ್‌ನವರು ಅಷ್ಟು ದಿನ ತಡೆದುಕೊಳ್ಳುತ್ತಾರೆ. ಅಕ್ಕಿ, ಬೆಲ್ಲಕ್ಕೆ ಸಾಲ ತಂದ ಸಂಘದವರಿಗೆ ಬಡ್ಡಿ ಬೆಳೆಯುತ್ತದೆ, ಮುಂದಿನ ಸಲ ಅವರು ಬರುವುದೇ ಇಲ್ಲ. ಹಾಗಾಗಿ ನಾನು ಈಗ ಕರಾರಿನಲ್ಲೇ ಬರೆಸುತ್ತೇನೆ: ಅರ್ಧ ಹಣ ಮುಂಗಡ, ಉಳಿದದ್ದು ಸಮ್ಮೇಳನ ಮುಗಿದ ವಾರದೊಳಗೆ. ಇದಕ್ಕೆ ಒಪ್ಪದ ಆಯೋಜಕರ ಕೆಲಸ ಹಿಡಿಯುವುದಿಲ್ಲ.