ಕರಿ ಮರಳಿನಿಂದ ಟಿಎಂಟಿ ಕಂಬಿವರೆಗೆ: ತುಮಕೂರು ಸೀಮೆಯ ಉಕ್ಕಿನ ಲೆಕ್ಕ

ತುಮಕೂರಿನಲ್ಲಿ ಈಗ ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದೇ ಕಂಬಿ ರೇಟು. ಆ ಕಂಬಿಗೆ ಎಷ್ಟು ಬೆಟ್ಟ ಕರಗಿತು, ಎಷ್ಟು ಹೊಗೆ ಎದ್ದಿತು ಅಂತ ಕೇಳುವವರು ಕಡಿಮೆ. ನಾವಾದರೂ ಕೇಳಬೇಕು. ಕಬ್ಬಿಣ ಈ ಜಿಲ್ಲೆಗೆ ಹೊರಗಿನದಲ್ಲ.

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಧುಗಿರಿ ಕಡೆ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಹೊತ್ತು ತರುತ್ತಿದ್ದ ಕರಿ ಮರಳೇ ಅದಿರು. ಕುಲುಮೆಗೆ ಇದ್ದಿಲು. ಇದ್ದಿಲಿಗೆ ಕಾಡು. ಆದರೂ ಮನೆಗೆ ಅಂತ ಕಬ್ಬಿಣ ಬೇಕಾಗುತ್ತಿದ್ದದ್ದು ಮೊಳೆ, ಚಿಲಕದಷ್ಟೇ. ಗೋಡೆಗೆ ಮಣ್ಣು, ಮೇಲೆ ಕಲ್ಲು ಚಪ್ಪಡಿ ಇಲ್ಲವೇ ಹೆಂಚು.

1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗಲೂ ಉರುವಲು ಇದ್ದಿಲೇ. ಆ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದವರು ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಅದಕ್ಕೆ ಸೌದೆ ಕೊಟ್ಟದ್ದು ಮಲೆನಾಡು.

ಆಮೇಲೆ ಆರ್‌ಸಿಸಿ, ಅಂದರೆ ಒಳಗೆ ಕಂಬಿ ಇಟ್ಟ ಕಾಂಕ್ರೀಟ್ ಬಂತು, ಚಪ್ಪಡಿ ಹೋಯಿತು. ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡಗಳಲ್ಲಿ ಗಣಿ ಎಷ್ಟು ಹದ್ದು ಮೀರಿತು ಎಂದರೆ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಅದಿರು ತೆಗೆಯುವುದನ್ನು ನಿಲ್ಲಿಸಬೇಕಾಯಿತು. ಮುಂದೆ ಗಣಿ ತೆರೆದದ್ದು ವರ್ಷಕ್ಕೆ ಇಷ್ಟೇ ಅನ್ನುವ ಮಿತಿಯ ಮೇಲೆ.

ಇನ್ನು ಹೊಗೆಯ ವಿಷಯ. ಒಂದು ಟನ್ ಉಕ್ಕಿಗೆ ನಮ್ಮ ದೇಶದಲ್ಲಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಗತ್ತಿನ ಸರಾಸರಿ 2 ಟನ್ನಿಗಿಂತ ಸ್ವಲ್ಪ ಕಡಿಮೆ. ನಾವು ಕಲ್ಲಿದ್ದಲನ್ನೇ ಜಾಸ್ತಿ ನೆಚ್ಚಿಕೊಂಡಿರುವುದು ಇದಕ್ಕೆ ಮುಖ್ಯ ಕಾರಣ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಒಂದು ಅಳತೆ ಗೊತ್ತು ಮಾಡಿತು: 2.2 ಟನ್ನಿಗಿಂತ ಕಡಿಮೆ ಇದ್ದರೆ ಹಸಿರು ಉಕ್ಕು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್.

ಉಕ್ಕನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು, ಗುಜರಿಯಿಂದ ಮಾಡಿದರೆ ಹೊಗೆಯೂ ಬಹಳ ಕಡಿಮೆ. ಇದು ನಿಜ, ದೊಡ್ಡ ಗುಣವೇ. ಆದರೆ ಇವತ್ತು ಸಿಗುವ ಗುಜರಿ ಹಿಂದೆ ಯಾವಾಗಲೋ ಕಟ್ಟಿದ್ದು. ಆಗ ಬಳಸಿದ್ದೇ ಕಡಿಮೆ, ಈಗ ಬೇಕಾಗಿರುವುದು ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಗುಡ್ಡ ಅಗೆಯುವುದು ಸದ್ಯಕ್ಕೆ ನಿಲ್ಲುವುದಿಲ್ಲ.

ಅದಕ್ಕೇ ನನಗೆ ಸ್ಟಾರಿಗಿಂತ ಕಂಬಿಯ ಆಯಸ್ಸು ಮುಖ್ಯ ಅನ್ನಿಸುತ್ತದೆ. ತಾರಸಿಗೆ ಮೋಲ್ಡ್ (ಕಾಂಕ್ರೀಟ್) ಹಾಕುವ ದಿನ ನೋಡಿ. ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಪುಟ್ಟ ಕವರ್ ಬ್ಲಾಕ್ ಬದಲು ಕೆಳಗೆ ಸುಮ್ನೆ ಜಲ್ಲಿ ಚೂರು ಸಿಕ್ಕಿಸಿರುತ್ತಾರೆ. ಕಾಂಕ್ರೀಟ್ ಹೊತ್ತವರು ಮೇಲೆ ಓಡಾಡಿದಂತೆ ಕಂಬಿ ಬಗ್ಗಿ, ಕಾಂಕ್ರೀಟ್ ಸುರಿಯಲು ಕೆಳಗೆ ಹಾಸಿದ ಸೆಂಟ್ರಿಂಗ್ ಶೀಟಿಗೇ ಅಂಟುತ್ತದೆ. ಅಂಥ ಕಡೆ ತುಕ್ಕು ಬೇಗ ಹಿಡಿಯುತ್ತದೆ, ತುಕ್ಕು ಉಬ್ಬಿ ತಾರಸಿಯ ಅಡಿಭಾಗ ಹೊಪ್ಪಳಿಕೆಯಾಗಿ ಉದುರುತ್ತದೆ. ಮನೆ ಅವಧಿಗೆ ಮೊದಲೇ ಒಡೆದರೆ ಮತ್ತೆ ಅಷ್ಟೇ ಉಕ್ಕು ಬೇಕು, ಅಲ್ವಾ? ಸಾಮಾನ್ಯ ತಾರಸಿಗೆ ಕಂಬಿ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಮೇಸ್ತ್ರಿ ಹತ್ತಿರ ಇದನ್ನು ಮೋಲ್ಡ್‌ನ ಹಿಂದಿನ ದಿನವೇ ಹೇಳಿ, ಬ್ಲಾಕ್ ತರಿಸಿಡಿ.